ಪದಚರ್ಚೆ: ‘ರಿಪ್ರೆಸರ್’ ಪ್ರತಿಬಂಧಕವೇ, ದಮನಕವೇ? ‘ಆಪರೇಟರ್’ ಆಳೇ, ಜಾಗವೇ?

ಮಾಟುಂಗಾ, ಮುಂಬಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹನ್ನೆರಡನೇ ಇಯತ್ತೆಯ ಮಕ್ಕಳಿಗೆಂದು ಸಿದ್ಧವಾಗುತ್ತಿರುವ ಕನ್ನಡ ಜೀವಶಾಸ್ತ್ರ ಕೈಪಿಡಿಯ ಕರಡು ನೋಡುತ್ತಿದ್ದೇನೆ. ಬ್ಯಾಕ್ಟೀರಿಯಾ ತನ್ನ ಜೀನ್‌ಗಳನ್ನು ಹೇಗೆ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ ಎಂಬ ಅಧ್ಯಾಯದಲ್ಲಿ ಹೀಗಿದೆ:

‘ಲ್ಯಾಕ್ಟೋಸ್ ಇಲ್ಲದಾಗ ಪ್ರತಿಬಂಧಕ ಪ್ರೋಟೀನು ಚಾಲಕವನ್ನು ಹಿಡಿದುಕೊಂಡು ಜೀನ್‌ಗಳನ್ನು ಸಂಪೂರ್ಣವಾಗಿ ಮುಚ್ಚುತ್ತದೆ. ಲ್ಯಾಕ್ಟೋಸ್ ಬಂದಾಗ ಅದು ಪ್ರೇರಕವಾಗಿ ಜೀನನ್ನು ಪ್ರಚೋದಿಸುತ್ತದೆ. ಪ್ರತಿಬಂಧಕದ ಜೀನು ಸಂವಿಧಾನಾತ್ಮಕವಾಗಿ ವ್ಯಕ್ತವಾಗುತ್ತದೆ. ಐಪಿಟಿಜಿ ಒಂದು ಅನಗತ್ಯ ಪ್ರೇರಕ.’

‘ಸಂವಿಧಾನಾತ್ಮಕ’ ಯಂತ್ರಾನುವಾದದ ಕೈವಾಡವೆಂದು ಕಣ್ಣಿಗೆ ಹೊಡೆಯುತ್ತದೆ: ‘ಸದಾ ನಡೆಯುವ’ ಎಂಬರ್ಥದ ‘ಕಾನ್‌ಸ್ಟಿಟ್ಯೂಟಿವ್’ ಅಲ್ಲಿ ಸಂವಿಧಾನವಾಗಿದೆ. ಉಳಿದವು ಅಷ್ಟು ಸುಲಭವಲ್ಲ. ರಿಪ್ರೆಸರ್‌ಗೆ, ಅಂದರೆ ಜೀನನ್ನು ಮುಚ್ಚಿಡುವ ಪ್ರೋಟೀನಿಗೆ, ಪ್ರತಿಬಂಧಕ, ನಿರೋಧಕ, ದಮನಕ, ನಿಗ್ರಾಹಕ ಎಂಬ ನಾಲ್ಕು ಪದಗಳು ಇದೇ ಕರಡಿನ ಬೇರೆ ಬೇರೆ ಪುಟಗಳಲ್ಲಿವೆ. ಆಪರೇಟರ್‌ಗೆ ‘ಚಾಲಕ’ ಒಗ್ಗುತ್ತದೆಯೇ? ಬಲ್ಲವರು ತಿಳಿಸಬೇಕು. ‘ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ’ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಒಪೆರಾನ್ (ಒಟ್ಟಿಗೆ ತೆರೆದು ಮುಚ್ಚುವ ಜೀನ್‌ಗಳ ಗುಂಪು), ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಐಪಿಟಿಜಿ (ಲ್ಯಾಕ್ಟೋಸಿನ ಬದಲು ಪ್ರಯೋಗದಲ್ಲಿ ಈ ಜೀನ್‌ಗಳನ್ನು ತೆರೆಯಲು ಹಾಕುವ ರಾಸಾಯನಿಕ) ಹೇಗೂ ಹಾಗೇ ಇರುತ್ತವೆ. ಕೆಲಸ ಹೇಳುವ ಪದಗಳಾದರೂ ಕನ್ನಡದಲ್ಲಿ ಇರಲಿ ಎಂಬುದು ಸಂಪಾದಕರ ಬಯಕೆ.

ಪಾಷಾಣ್, ಪುಣೆ

ಮೊದಲು ‘ಪ್ರತಿಬಂಧಕ’ವನ್ನು ತೆಗೆಯಿರಿ ಮೇಡಂ. ಅದು ಇನ್‌ಹಿಬಿಟರ್‌ಗೆ ಸಂದುಹೋದ ಪದ. ಕಿಣ್ವದ ಪ್ರತಿಬಂಧಕವೆಂದರೆ, ಆಗಲೇ ತಯಾರಾಗಿ ದುಡಿಯುತ್ತಿರುವ ಕಿಣ್ವದ ಕೈ ಕಟ್ಟುವ ವಸ್ತು. ರಿಪ್ರೆಸರ್ ಕಿಣ್ವವನ್ನು ಮುಟ್ಟುವುದೇ ಇಲ್ಲ. ಆ ಕಿಣ್ವದ ಜೀನಿನಿಂದ ಆರ್‌ಎನ್‌ಎ ಪ್ರತಿ ತೆಗೆಯಲು ಬಿಡುವುದಿಲ್ಲ, ಅಷ್ಟೆ.

ಎರಡಕ್ಕೂ ಒಂದೇ ಪದವಾದರೆ ಪ್ರಯೋಗದ ಮೇಜಿನ ಮೇಲೆ ಏನಾಗುತ್ತದೆ ನೋಡಿ. ಈ ಜೀನ್‌ಗಳಿಂದ ತಯಾರಾಗುವ, ಲ್ಯಾಕ್ಟೋಸ್ ಒಡೆಯುವ ಕಿಣ್ವವಾದ ಬೀಟಾ-ಗ್ಯಾಲಕ್ಟೋಸಿಡೇಸ್ ಅಳೆಯುವಾಗ ಜೀವಕೋಶಗಳಿರುವ 1 ಮಿಲಿಲೀಟರ್ ಬಫರಿಗೆ, ಮಿಲಿಲೀಟರಿಗೆ 4 ಮಿಲಿಗ್ರಾಂನಂತೆ ಕರಗಿಸಿದ ಓಎನ್‌ಪಿಜಿಯನ್ನು 0.2 ಮಿಲಿಲೀಟರ್ ಹಾಕಿ 28 ಡಿಗ್ರಿಯಲ್ಲಿ ಇಡುತ್ತಾರೆ. ಕಿಣ್ವ ಅದನ್ನು ಕತ್ತರಿಸಿದಂತೆ ಹಳದಿ ಬಣ್ಣ ಏರುತ್ತದೆ. ಸಾಕೆನಿಸಿದಾಗ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ 0.5 ಮಿಲಿಲೀಟರ್ ಹಾಕಿದರೆ ಪಿಎಚ್ 11ರ ಸುಮಾರಿಗೆ ಏರಿ ಕಿಣ್ವ ನಿಂತಲ್ಲೇ ನಿಲ್ಲುತ್ತದೆ. ಇದು ಅಳತೆ ನಿಲ್ಲಿಸುವ ಒರಟು ಉಪಾಯವೇ ಹೊರತು ಪಠ್ಯದ ಇನ್‌ಹಿಬಿಟರ್ ಅಲ್ಲ. ಆದರೆ ಕಿಣ್ವವನ್ನೇ ತಡೆದರೆ ಪರಿಣಾಮ ಕೂಡಲೇ ಕಾಣುತ್ತದೆ ಎಂದು ತೋರಿಸಲು ಸಾಕು.

ರಿಪ್ರೆಸರ್ ಹಾಗಲ್ಲ. ಬೆಳೆಯುತ್ತಿರುವ ಜೀವಕೋಶಗಳಿಂದ ಐಪಿಟಿಜಿಯನ್ನು ತೊಳೆದು ತೆಗೆದರೆ ರಿಪ್ರೆಸರ್ ಮತ್ತೆ ಡಿಎನ್‌ಎ ಹಿಡಿಯುತ್ತದೆ, ಇದ್ದಬದ್ದ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ಅಳಿಯುತ್ತದೆ. ಆದರೆ ಆಗಲೇ ತಯಾರಾದ ಕಿಣ್ವ ಎಲ್ಲಿಗೂ ಹೋಗುವುದಿಲ್ಲ. ಜೀವಕೋಶ ಒಡೆದು ಎರಡಾದಾಗಲೆಲ್ಲ ಪಾಲು ಅರ್ಧವಾಗುತ್ತದೆ, ಅಷ್ಟೇ. ಐದು ಸಲ ಒಡೆದ ಮೇಲೂ ಮೂವತ್ತೆರಡರಲ್ಲಿ ಒಂದು ಪಾಲು ಉಳಿದಿರುತ್ತದೆ. ‘ಪ್ರತಿಬಂಧಕ’ ಎಂದು ಓದಿದ ಹುಡುಗ, ಐಪಿಟಿಜಿ ತೆಗೆದ ಮರುಗಳಿಗೆಯೇ ಹಳದಿ ನಿಲ್ಲಬೇಕು ಎಂದುಕೊಳ್ಳುತ್ತಾನೆ. ನಿಲ್ಲದಿದ್ದರೆ ಪ್ರಯೋಗ ಕೆಟ್ಟಿತೆಂದು ಬರೆಯುತ್ತಾನೆ.

ಇದಕ್ಕಿಂತ ಬಿಗಿಯಾದ ಸಾಕ್ಷಿ ಬೇಕೆಂದರೆ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇದೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅದೇ ಟ್ರಿಪ್ಟೊಫಾನ್ ಎರಡು ಕೆಲಸ ಮಾಡುತ್ತದೆ: ಟ್ರಿಪ್ ರಿಪ್ರೆಸರ್‌ಗೆ ಅಂಟಿ ಅದು ಡಿಎನ್‌ಎ ಹಿಡಿಯುವಂತೆ ಮಾಡುತ್ತದೆ, ಜೊತೆಗೆ ತನ್ನನ್ನೇ ತಯಾರಿಸುವ ಸಾಲಿನ ಮೊದಲ ಕಿಣ್ವವಾದ ಆಂಥ್ರನಿಲೇಟ್ ಸಿಂಥೇಸಿಗೂ ನೇರವಾಗಿ ಅಂಟಿ ಅದನ್ನು ತಡೆಯುತ್ತದೆ. ಮೊದಲನೆಯದು ರಿಪ್ರೆಶನ್, ಎರಡನೆಯದು ಇನ್‌ಹಿಬಿಶನ್. ಪಠ್ಯದಲ್ಲಿ ಇವೆರಡೂ ಅಕ್ಕಪಕ್ಕದ ವಾಕ್ಯಗಳಲ್ಲಿ ಬರುತ್ತವೆ. ಒಂದೇ ಪದ ಇಟ್ಟರೆ ಆ ಪುಟವನ್ನು ಬರೆಯಲಿಕ್ಕೇ ಆಗದು.

ನಮ್ಮ ಕಡೆಗೆ ಇನ್ನೊಂದು ತೊಂದರೆ ಉಂಟು. ಮರಾಠಿಯಲ್ಲಿ ‘ಪ್ರತಿಬಂಧಕ ಲಸ್’ ಅಂದರೆ ರೋಗ ಬಾರದಂತೆ ಮುಂಚೆಯೇ ಹಾಕುವ ಲಸಿಕೆ, ಲಂಚ ತಡೆಯುವ ಇಲಾಖೆಯ ಹೆಸರಿನಲ್ಲೂ ‘ಪ್ರತಿಬಂಧಕ’ವಿದೆ. ಇಲ್ಲಿ ಬೆಳೆದ ಮಕ್ಕಳ ಕಿವಿಗೆ ಅದು ‘ಮುನ್ನೆಚ್ಚರಿಕೆ’ ಎಂದೇ ಬೀಳುತ್ತದೆ.

‘ನಿರೋಧಕ’ ಇನ್ನೂ ಕೆಟ್ಟದು. ರೋಗನಿರೋಧಕ ಶಕ್ತಿ ಎಂದು ದಿನಾ ಓದುತ್ತೇವೆ, ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಕ್ಕೂ ನಿರೋಧಕ ಎನ್ನುತ್ತೇವೆ. ಈಗ ಟೆಟ್‌ಆರ್ ಪ್ರೋಟೀನನ್ನು ತೆಗೆದುಕೊಳ್ಳಿ. ಟೆಟ್ರಾಸೈಕ್ಲಿನನ್ನು ಜೀವಕೋಶದಿಂದ ಹೊರದಬ್ಬುವ ಪಂಪಿನ ಜೀನನ್ನು ಅದು ಮುಚ್ಚಿಡುತ್ತದೆ, ಔಷಧ ಒಳಗೆ ಬಂದು ಅಂಟಿದಾಗ ಬಿಟ್ಟುಕೊಡುತ್ತದೆ. ‘ಟೆಟ್ರಾಸೈಕ್ಲಿನ್ ನಿರೋಧಕ ಜೀನಿನ ನಿರೋಧಕ ಪ್ರೋಟೀನು’ ಎಂದು ಅಚ್ಚಾದರೆ ಓದುವವರ ಗತಿ ಏನು?

ನನ್ನ ಮತ ‘ದಮನಕ’ಕ್ಕೆ. ಬಳಗವೂ ಸಲೀಸಾಗಿ ಬೆಳೆಯುತ್ತದೆ: ದಮನ, ದಮನಿಸು, ದಮನಿತ ಜೀನು, ಸಹದಮನಕ, ದಮನಮುಕ್ತಿ.

ಮಡಗಾಂವ್, ಗೋವಾ

ಗೋವಾದವರಿಗೆ ‘ದಮನ’ ಎಂದರೆ ಮೊದಲು ನೆನಪಾಗುವುದು ಊರು. 1987ರವರೆಗೆ ಗೋವಾ, ದಮನ್, ದೀವ್ ಒಂದೇ ಕೇಂದ್ರಾಡಳಿತ ಪ್ರದೇಶ. ತಮಾಷೆ ಬಿಡಿ, ನನ್ನ ನಿಜವಾದ ತಕರಾರು ಬೇರೆ. ದಮನ ಎಂದರೆ ಪೊಲೀಸರ ಲಾಠಿ ಕಣ್ಣಿಗೆ ಬರುತ್ತದೆ. ‘ನಿಗ್ರಹ’ದಲ್ಲಿ ‘ಗ್ರಹ’ವಿದೆ, ಹಿಡಿಯುವುದು ಎಂಬ ಅರ್ಥ ಪದದೊಳಗೇ ಇದೆ. ಈ ಪ್ರೋಟೀನು ಮಾಡುವುದೂ ಅದನ್ನೇ: ಡಿಎನ್‌ಎಯನ್ನು ಹಿಡಿದು ಕೂರುತ್ತದೆ. ಹಾಗಾದರೆ ‘ನಿಗ್ರಾಹಕ’ವೇ ಹೆಚ್ಚು ನಿಖರವಲ್ಲವೇ ಸರ್?

ಪಾಷಾಣ್, ಪುಣೆ

ವ್ಯುತ್ಪತ್ತಿಯಲ್ಲಿ ನೀವೇ ಗೆದ್ದಿರಿ, ಒಪ್ಪಿದೆ. ಆದರೆ ಜೀವಶಾಸ್ತ್ರದಲ್ಲಿ ‘ಗ್ರಾಹಕ’ ರಿಸೆಪ್ಟರ್‌ಗೆ ನಿಂತಿದೆ, ಪೇಟೆಯಲ್ಲಿ ಗಿರಾಕಿಗೆ. ಅವಸರದಲ್ಲಿ ಓದುವಾಗ ‘ನಿ’ ಜಾರಿಬಿಡುತ್ತದೆ. ಸಾಲಿನ ಕೊನೆಯಲ್ಲಿ ‘ನಿ’ ಒಂದೇ ಉಳಿದು ‘ಗ್ರಾಹಕ’ ಕೆಳಗಿನ ಸಾಲಿಗೆ ಇಳಿದರಂತೂ ದೇವರೇ ಗತಿ. ಲಾಠಿಯ ನೆನಪಿನ ಬಗ್ಗೆ ಹೇಳುವುದಾದರೆ, ‘ಇಂದ್ರಿಯದಮನ’ವೂ ಅದೇ ಪದ. ವಿವರಣೆಯಲ್ಲಿ ಮಾತ್ರ ‘ಅದುಮಿ ಹಿಡಿಯುತ್ತದೆ’ ಎಂಬ ಬಯಲುಸೀಮೆಯ ಮಾತು ಬರಲಿ. ಪಾರಿಭಾಷಿಕ ಪದಕ್ಕಿಂತ ಅದೇ ಚೆನ್ನಾಗಿ ತಲೆಗೆ ಹೋಗುತ್ತದೆ.

ಚೆಂಬೂರು, ಮುಂಬಯಿ

ರಿಪ್ರೆಸರ್ ವಿಷಯ ಮುಗಿಯಿತೆಂದುಕೊಂಡು ‘ಚಾಲಕ’ಕ್ಕೆ ಬರುತ್ತೇನೆ. ಈ ಕರಡಿನ ಅತಿ ದೊಡ್ಡ ತಪ್ಪು ಅದೇ, ‘ಸಂವಿಧಾನಾತ್ಮಕ’ಕ್ಕಿಂತಲೂ ದೊಡ್ಡದು. ಸಂವಿಧಾನ ಎಂದರೆ ಯಾರಾದರೂ ನಕ್ಕು ತಿದ್ದುತ್ತಾರೆ. ‘ಚಾಲಕ’ ಸರಿಯೆಂದೇ ತೋರುತ್ತದೆ, ಅದಕ್ಕೇ ಅಪಾಯ.

ಕನ್ನಡದಲ್ಲಿ ‘ಅಕ’ ಹತ್ತಿದ ಪದ ಕಂಡರೆ ನಾವು ಕರ್ತೃವನ್ನು ಹುಡುಕುತ್ತೇವೆ: ಪಾಲಕ, ಶಿಕ್ಷಕ, ಚಾಲಕ. ಕರ್ನಾಟಕದ ಬಸ್ಸಿನಲ್ಲಿ ಚಾಲಕ, ನಿರ್ವಾಹಕ ಇಬ್ಬರೂ ಆಳುಗಳು. ‘ಪ್ರೋಟೀನು ಚಾಲಕವನ್ನು ಹಿಡಿದುಕೊಂಡಿತು’ ಎಂದರೆ ಇಬ್ಬರು ಕುಸ್ತಿಗೆ ಬಿದ್ದಂತೆ. ಆಪರೇಟರ್ ಆಳಲ್ಲ, ಡಿಎನ್‌ಎಯ ಮೇಲಿನ ಒಂದು ಜಾಗ. ಲ್ಯಾಕ್ ಒಪೆರಾನಿನ, ಅಂದರೆ ಲ್ಯಾಕ್ಟೋಸ್ ಬಳಸುವ ಜೀನ್‌ಗಳ ಗುಂಪಿನ, ಮುಖ್ಯ ಆಪರೇಟರ್ ಸುಮಾರು 21 ಜೋಡಿ ಅಕ್ಷರಗಳಷ್ಟು ಉದ್ದ. ಆರ್‌ಎನ್‌ಎ ಪ್ರತಿ ಶುರುವಾಗುವ ಜಾಗದ ಮೇಲೆಯೇ ಅದು ಚಾಚಿಕೊಂಡಿದೆ. ಇನ್ನೆರಡು ಉಪ-ಆಪರೇಟರ್‌ಗಳಿವೆ: ಒಂದು 401 ಜೋಡಿ ಕೆಳಗೆ, ಬೀಟಾ-ಗ್ಯಾಲಕ್ಟೋಸಿಡೇಸಿನ ಜೀನಾದ ಲ್ಯಾಕ್ ಝಡ್ ಒಳಗೇ. ಇನ್ನೊಂದು 92 ಜೋಡಿ ಮೇಲೆ. ದಮನಕ ನಾಲ್ಕು ತುಂಡುಗಳ ಪ್ರೋಟೀನು, ಒಂದೊಂದು ತುಂಡಿನಲ್ಲಿ 360 ಅಮೈನೊ ಆಮ್ಲ. ಅದು ಎರಡು ಕೈಯಿಂದ ಎರಡು ಆಪರೇಟರ್‌ಗಳನ್ನು ಹಿಡಿದು ನಡುವಿನ ಡಿಎನ್‌ಎಯನ್ನು ಕುಣಿಕೆಯಂತೆ ಬಾಗಿಸುತ್ತದೆ. ಉಪ-ಆಪರೇಟರ್‌ಗಳನ್ನು ತೆಗೆದುಹಾಕಿದರೆ ಹಿಡಿತ ಬಹಳ ಸಡಿಲವಾಗುತ್ತದೆ.

ಆಳೋ ಜಾಗವೋ ಎಂಬುದು ಬರೀ ಭಾಷೆಯ ಜಗಳವಲ್ಲ. ಫ್ರೆಂಚ್ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೋ 1961ರಲ್ಲಿ ಒಪೆರಾನಿನ ಸಿದ್ಧಾಂತವನ್ನು ನಿಲ್ಲಿಸಿದ್ದೇ ಈ ಭೇದದ ಮೇಲೆ. ಒಂದು ಇ. ಕೋಲೈಗೆ ಲ್ಯಾಕ್ ಭಾಗದ ಇನ್ನೊಂದು ಪ್ರತಿಯನ್ನು ಎಫ್ ಪ್ಲಾಸ್ಮಿಡ್ಡಿನಲ್ಲಿ, ಅಂದರೆ ವರ್ಣತಂತುವಿನ ಹೊರಗಿನ ಡಿಎನ್‌ಎ ಉಂಗುರದಲ್ಲಿ, ಕೊಡಿ. ವರ್ಣತಂತುವಿನಲ್ಲಿ ದಮನಕದ ಜೀನು ಕೆಟ್ಟಿದ್ದು ಕಿಣ್ವದ ಜೀನು ಸರಿಯಿರಲಿ, ಪ್ಲಾಸ್ಮಿಡ್ಡಿನಲ್ಲಿ ದಮನಕದ ಜೀನು ಸರಿಯಿದ್ದು ಕಿಣ್ವದ್ದು ಕೆಟ್ಟಿರಲಿ. ಆಗ ಪ್ಲಾಸ್ಮಿಡ್ಡಿನಿಂದ ಹುಟ್ಟಿದ ದಮನಕ ಅಲೆದುಕೊಂಡು ಹೋಗಿ ವರ್ಣತಂತುವಿನ ಆಪರೇಟರನ್ನೂ ಹಿಡಿಯುತ್ತದೆ, ಹತೋಟಿ ಮರಳುತ್ತದೆ. ಕೆಟ್ಟಿದ್ದು ಆಪರೇಟರ್ ಆದರೆ ಹಾಗಾಗದು. ಇನ್ನೊಂದು ಪ್ರತಿಯಲ್ಲಿ ಎಷ್ಟು ಒಳ್ಳೆಯ ಆಪರೇಟರ್ ಇದ್ದರೂ ಇದಕ್ಕೆ ನೆರವಾಗದು, ಕೆಟ್ಟ ಆಪರೇಟರಿಗೆ ಅಂಟಿಕೊಂಡಿರುವ ಜೀನು ಸದಾ ತೆರೆದೇ ಇರುತ್ತದೆ. ದಮನಕ ತಿರುಗಾಡುತ್ತದೆ, ಆಪರೇಟರ್ ಕೂತಲ್ಲಿಂದ ಕದಲದು. ‘ಚಾಲಕ’ ಎಂದು ಓದಿದ ವಿದ್ಯಾರ್ಥಿಗೆ ಈ ಪ್ರಯೋಗ ಎಂದಿಗೂ ಅರ್ಥವಾಗದು. ಆಳಾದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏಕೆ ಹೋಗಬಾರದು ಎಂದು ಅವನು ಕೇಳಿದರೆ ತಪ್ಪು ಅವನದಲ್ಲ.

ಆದ್ದರಿಂದ ಪದ ಜಾಗವನ್ನು ಹೇಳಬೇಕು. ‘ದಮನತಾಣ’ ಎನ್ನೋಣ. ದಮನಕ ಹಿಡಿಯುವ ತಾಣ ದಮನತಾಣ, ಜೋಡಿಯೂ ಹೊಂದುತ್ತದೆ. ಮೊದಲ ಸಲ ಬಂದಲ್ಲಿ ‘ದಮನತಾಣ, ಅಂದರೆ ಆಪರೇಟರ್’ ಎಂದು ಬಿಡಿಸಿ ಹೇಳಿ. ಪ್ರಮೋಟರ್‌ಗೆ ‘ಪ್ರವರ್ತಕ’ ಬಹಳ ದಿನದಿಂದ ರೂಢಿಯಲ್ಲಿದೆ, ಈಗ ಕೀಳುವುದು ಕಷ್ಟ. ಅದೂ ಜಾಗವೇ, ಆರ್‌ಎನ್‌ಎ ಪಾಲಿಮರೇಸ್ ಬಂದು ಕೂರುವ ಜಾಗ. ಮುಂಬಯಿಯಲ್ಲಿ ಪ್ರವರ್ತಕನೆಂದರೆ ಕಟ್ಟಡ ಕಟ್ಟಿಸುವವನು ಬೇರೆ. ಕನಿಷ್ಠ ‘ಪ್ರವರ್ತಕ ತಾಣ’ ಎಂದು ಬಾಲ ಸೇರಿಸಿ.

ಮಾಟುಂಗಾ, ಮುಂಬಯಿ

ಬಹಳ ಉಪಕಾರವಾಯಿತು ಸರ್. ಒಂದು ಸಣ್ಣ ಸಂಶಯ: ‘ದಮನಕ ಪ್ರೋಟೀನು’ ಎಂದು ಪ್ರತಿಸಲ ಬರೆಯಬೇಕೇ? ‘ದಮನಕ’ ಸಾಲದೇ?

ಚೆಂಬೂರು, ಮುಂಬಯಿ

ಒಂದು ಸಲ ಬರೆದರೆ ಸಾಕು. ಆದರೆ 1961ರ ಲೇಖನದ ಮಾತು ಬರುವಲ್ಲಿ ‘ಪ್ರೋಟೀನು’ ಸೇರಿಸಬೇಡಿ. ಆಗ ಅದು ಯಾವ ವಸ್ತುವೆಂದು ಗೊತ್ತಿರಲಿಲ್ಲ, ಆರ್‌ಎನ್‌ಎ ಇರಬಹುದೆಂದೇ ಅವರು ಊಹಿಸಿದ್ದರು. ಪ್ರೋಟೀನೆಂದು ಬೇರ್ಪಡಿಸಿ ತೋರಿಸಿದ್ದು 1966ರಲ್ಲಿ, ಗಿಲ್ಬರ್ಟ್ ಮತ್ತು ಮ್ಯೂಲರ್-ಹಿಲ್. ಒಂದು ಜೀವಕೋಶಕ್ಕೆ ಹತ್ತರ ಆಸುಪಾಸು ಇರುವ ವಸ್ತುವನ್ನು ಬೇರ್ಪಡಿಸುವುದು ಹುಡುಗಾಟವಲ್ಲ.

ಪಾಷಾಣ್, ಪುಣೆ

ಈಗ ‘ಪ್ರೇರಕ’. ಪದವನ್ನು ಇಟ್ಟುಕೊಳ್ಳಿ, ಕ್ರಿಯಾಪದ ಬದಲಿಸಿ. ‘ಜೀನನ್ನು ಪ್ರಚೋದಿಸುತ್ತದೆ’ ಎಂಬುದು ಸುಳ್ಳು. ಪ್ರೇರಕ ಜೀನಿನ ಹತ್ತಿರವೂ ಸುಳಿಯುವುದಿಲ್ಲ. ಅದು ದಮನಕಕ್ಕೆ ಅಂಟುತ್ತದೆ, ದಮನಕದ ಆಕಾರ ಬದಲಾಗುತ್ತದೆ, ದಮನತಾಣದ ಮೇಲಿನ ಪಟ್ಟು ಸಡಿಲವಾಗುತ್ತದೆ. ‘ದಮನಕದ ಪಟ್ಟು ಸಡಿಲಿಸುತ್ತದೆ’ ಎಂದೇ ಬರೆಯಿರಿ. ‘ಉತ್ತೇಜಕ’ ಎಂಬ ಪದವನ್ನು ಕ್ಯಾಪ್ ಪ್ರೋಟೀನಿಗೆ ಮೀಸಲಿಡಿ. ಗ್ಲೂಕೋಸ್ ತೀರಿದಾಗ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ಜೊತೆಗಿಟ್ಟುಕೊಂಡು ಡಿಎನ್‌ಎ ಹಿಡಿದು ಪಾಲಿಮರೇಸನ್ನು ಕರೆತರುವುದು ಅದು. ತಡೆ ತೆಗೆಯುವುದೇ ಬೇರೆ, ಹಿಂದಿನಿಂದ ನೂಕುವುದೇ ಬೇರೆ.

‘ಲ್ಯಾಕ್ಟೋಸ್ ಪ್ರೇರಕ’ ಎಂಬುದೂ ಪೂರ್ತಿ ಸರಿಯಲ್ಲ. ನಿಜವಾದ ಪ್ರೇರಕ ಅಲೊಲ್ಯಾಕ್ಟೋಸ್. ಲ್ಯಾಕ್ಟೋಸನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆಯುವಾಗ ಒಂದು ಪಾಲು ಒಡೆಯದೆ ಕೊಂಡಿ ಬದಲಿಸಿಕೊಂಡು ಅಲೊಲ್ಯಾಕ್ಟೋಸ್ ಆಗುತ್ತದೆ. ಇಲ್ಲೇ ‘ಸಂಪೂರ್ಣವಾಗಿ ಮುಚ್ಚುತ್ತದೆ’ ಎಂಬ ಮಾತಿನ ಬಣ್ಣ ಬಯಲಾಗುವುದು. ಜೀನ್‌ಗಳು ಪೂರ್ತಿ ಮುಚ್ಚಿದ್ದರೆ ಲ್ಯಾಕ್ಟೋಸನ್ನು ಒಳಗೆ ತರುವ ಪರ್ಮಿಯೇಸ್ ಇರುವುದಿಲ್ಲ, ಅದನ್ನು ಪ್ರೇರಕವಾಗಿಸುವ ಕಿಣ್ವವೂ ಇರುವುದಿಲ್ಲ, ಬಾಗಿಲು ಎಂದಿಗೂ ತೆರೆಯದು. ಒಳಗಿನಿಂದ ಅಗುಳಿ ಹಾಕಿದ ಮನೆಯೊಳಗೆ ಯಾರೂ ಇಲ್ಲದಂತೆ! ದಮನಕ ಆಗಾಗ ಕೈಬಿಡುತ್ತದೆ, ಆ ಸಂದಿನಲ್ಲಿ ಕೆಲವು ಅಣುಗಳು ತಯಾರಾಗುತ್ತವೆ. ಪೂರ್ತಿ ತೆರೆದಾಗ ಕಿಣ್ವ ಸುಮಾರು ಸಾವಿರ ಪಟ್ಟು ಏರುತ್ತದೆ, ಆದರೆ ಏರಿಕೆಯ ಬುಡ ಸೊನ್ನೆಯಲ್ಲ.

ಇದಕ್ಕೆ ‘ಸೋರಿಕೆ’ ಎನ್ನುತ್ತಾರೆ. ನಾನು ‘ಜಿನುಗು’ ಎನ್ನುತ್ತೇನೆ. ಸೋರಿಕೆ ಎಂದರೆ ದೋಷ, ಇಲ್ಲಿ ದೋಷವೇನಿಲ್ಲ, ಅದು ಬೇಕೇಬೇಕು. ದೋಷವಾದಲ್ಲಿ ‘ಸೋರಿಕೆ’ ಬಳಸೋಣ, ಅಂಥ ಪ್ರಸಂಗವೂ ಇದೆ. ಬೇಕಾದ ಜೀನು ಸೇರಿಸಲು ಬಳಸುವ ಪಿಯುಸಿ (pUC) ಬಗೆಯ ಪ್ಲಾಸ್ಮಿಡ್ಡುಗಳು ಒಂದೊಂದು ಜೀವಕೋಶದಲ್ಲಿ ನೂರಾರು ಪ್ರತಿಗಳಾಗುತ್ತವೆ, ಪ್ರತಿಯೊಂದರಲ್ಲೂ ದಮನತಾಣ. ಇರುವ ಹತ್ತು ದಮನಕಗಳು ಎಷ್ಟನ್ನು ಹಿಡಿದಾವು? ಐಪಿಟಿಜಿ ಹಾಕದಿದ್ದರೂ ಜೀನು ತೆರೆದಿರುತ್ತದೆ. ತಯಾರಾಗುವ ಪ್ರೋಟೀನು ವಿಷವಾದರೆ ಜೀವಕೋಶಗಳು ಬೆಳೆಯುವುದೇ ಇಲ್ಲ. ಅದಕ್ಕೇ ದಮನಕವನ್ನು ಹತ್ತು ಪಟ್ಟು ತಯಾರಿಸುವ ಲ್ಯಾಕ್ ಐಕ್ಯೂ ತಳಿ ಬಳಸುತ್ತಾರೆ, ಮಾಧ್ಯಮಕ್ಕೆ ಶೇಕಡಾ 1ರಷ್ಟು ಗ್ಲೂಕೋಸ್ ಸೇರಿಸುತ್ತಾರೆ.

ಮಡಗಾಂವ್, ಗೋವಾ

‘ಅನಗತ್ಯ ಪ್ರೇರಕ’ ಓದಿ ನಗು ತಡೆಯಲಾಗಲಿಲ್ಲ. ಅನಗತ್ಯವಾದರೆ ಕೊಳ್ಳುವುದೇಕೆ? ಇಂಗ್ಲಿಷಿನ ‘ಗ್ರಾಚ್ಯುಟಸ್’ ಎಂದರೆ ಇಲ್ಲಿ ‘ಪ್ರೇರಿಸುತ್ತದೆ, ಆದರೆ ತಾನು ಆ ಕಿಣ್ವಕ್ಕೆ ಆಹಾರವಲ್ಲ’ ಎಂದು. ಐಪಿಟಿಜಿಯ ಗಂಧಕದ ಕೊಂಡಿಯನ್ನು ಕಿಣ್ವ ಕತ್ತರಿಸಲಾರದು. ಹೀಗಾಗಿ ಹಾಕಿದಷ್ಟೂ ಕೊನೆಯವರೆಗೆ ಹಾಗೇ ಇರುತ್ತದೆ, ಪ್ರೇರಣೆ ಇಳಿಯುವುದಿಲ್ಲ. ‘ಉಣಿಸಲ್ಲದ ಪ್ರೇರಕ’ ಎಂದರೆ ಹೇಗೆ?

ಎಕ್ಸ್-ಗ್ಯಾಲ್ ಇದರ ತಿರುಗುಮುರುಗು: ಕಿಣ್ವಕ್ಕೆ ಉಣಿಸು, ಆದರೆ ಪ್ರೇರಕವಲ್ಲ. ಕಿಣ್ವ ಒಡೆದರೆ ನೀಲಿ ಬರುತ್ತದೆ. ನೀಲಿ-ಬಿಳಿ ತಟ್ಟೆಯಲ್ಲಿ ಪ್ಲಾಸ್ಮಿಡ್ಡಿಗೆ ಡಿಎನ್‌ಎ ತುಂಡು ಸೇರಿದ ಕಾಲೊನಿ ಬಿಳಿ, ಸೇರದ್ದು ನೀಲಿ. ಅದನ್ನು ಮಾಡುವಾಗ ಐಕ್ಯೂ ತಳಿಗೆ ಎಕ್ಸ್-ಗ್ಯಾಲ್ ಮಾತ್ರ ಹಾಕಿ ಐಪಿಟಿಜಿ ಮರೆತರೆ ಎಲ್ಲ ಕಾಲೊನಿಗಳೂ ಬೆಳ್ಳಗೆ ಕಾಣಬಹುದು. ಹೊಸಬರು ಎಲ್ಲದರಲ್ಲೂ ತುಂಡು ಸೇರಿಕೊಂಡಿತೆಂದು ಸಂಭ್ರಮಿಸುತ್ತಾರೆ. ಕೈಪಿಡಿಯ ಪ್ರಮಾಣ ಪುಟವನ್ನೂ ನೋಡಿ: ಐಪಿಟಿಜಿ 2.38 ಗ್ರಾಂ ನೀರಲ್ಲಿ ಕರಗಿಸಿ 10 ಮಿಲಿಲೀಟರಿಗೆ ತಂದರೆ 1 ಮೋಲಾರ್. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಲೀಟರಿಗೆ 1 ಮಿಲಿಲೀಟರ್ ಹಾಕಿದರೆ 1 ಮಿಲಿಮೋಲಾರ್. ಎಕ್ಸ್-ಗ್ಯಾಲನ್ನು ನೀರಿನಲ್ಲಲ್ಲ, ಡೈಮೀಥೈಲ್ ಫಾರ್ಮಮೈಡಿನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂನಂತೆ ಕರಗಿಸಿ ಕತ್ತಲಲ್ಲಿ, ಮೈನಸ್ 20 ಡಿಗ್ರಿಯಲ್ಲಿಡಬೇಕು. ಲೀಟರ್ ಅಗರಿಗೆ 2 ಮಿಲಿಲೀಟರ್ ಸಾಕು, ಅಗರ್ 50–55 ಡಿಗ್ರಿಗೆ ಇಳಿದ ಮೇಲೆ.

‘ಸಹದಮನಕ’ದ, ಅಂದರೆ ದಮನಕಕ್ಕೆ ಜೊತೆಯಾಗುವ ಸಣ್ಣ ಅಣುವಿನ, ಬಗ್ಗೆ ಒಂದು ಮಾತು. ಟ್ರಿಪ್ ದಮನಕ ಒಂಟಿಯಾಗಿ ದಮನತಾಣವನ್ನು ಗಟ್ಟಿಯಾಗಿ ಹಿಡಿಯಲಾರದು, ಟ್ರಿಪ್ಟೊಫಾನ್ ಅಂಟಿದರೇ ಹಿಡಿತ. ಲ್ಯಾಕ್‌ನಲ್ಲಿ ಸಣ್ಣ ಅಣು ಬಂದರೆ ಬಿಡುತ್ತದೆ, ಟ್ರಿಪ್‌ನಲ್ಲಿ ಬಂದರೆ ಹಿಡಿಯುತ್ತದೆ. ಟ್ರಿಪ್ಟೊಫಾನ್ ಇಲ್ಲದ ಸ್ಥಿತಿಗೆ ‘ಬರಿದಮನಕ’ ಎಂದಿಡಬಹುದು. ಅದೇ ಒಪೆರಾನಿನ ಅಟೆನ್ಯುಯೇಶನ್‌ಗೆ ಮಾತ್ರ ಲಸಿಕೆ ಅಧ್ಯಾಯದ ‘ದುರ್ಬಲೀಕರಣ’ವನ್ನು ಎಳೆತರಬೇಡಿ. ಅಲ್ಲಿ ಏನೂ ದುರ್ಬಲವಾಗುವುದಿಲ್ಲ. ಶುರುವಾದ ಆರ್‌ಎನ್‌ಎ ಪ್ರತಿ ಅರ್ಧದಲ್ಲೇ ಮೊಟಕಾಗುತ್ತದೆ. ‘ಮೊಟಕು’ ಸಾಕು.

ಮಾಟುಂಗಾ, ಮುಂಬಯಿ

ಎಲ್ಲ ಸೇರಿಸಿ ಹೀಗೆ ತಿದ್ದಿದ್ದೇನೆ:

‘ಲ್ಯಾಕ್ಟೋಸ್ ಇಲ್ಲದಾಗ ದಮನಕವೆಂಬ ಪ್ರೋಟೀನು ದಮನತಾಣವನ್ನು, ಅಂದರೆ ಆಪರೇಟರನ್ನು, ಹಿಡಿದು ಜೀನ್‌ಗಳನ್ನು ಹೆಚ್ಚೂಕಡಿಮೆ ಮುಚ್ಚುತ್ತದೆ, ತುಸು ಜಿನುಗು ಉಳಿಯುತ್ತದೆ. ಲ್ಯಾಕ್ಟೋಸ್ ಬಂದಾಗ ಅದರಿಂದ ಹುಟ್ಟಿದ ಅಲೊಲ್ಯಾಕ್ಟೋಸ್ ಪ್ರೇರಕವಾಗಿ ದಮನಕದ ಪಟ್ಟು ಸಡಿಲಿಸುತ್ತದೆ. ದಮನಕದ ಜೀನು ನಿತ್ಯವೂ ಸಣ್ಣಗೆ ವ್ಯಕ್ತವಾಗುತ್ತಿರುತ್ತದೆ. ಐಪಿಟಿಜಿ ಉಣಿಸಲ್ಲದ ಪ್ರೇರಕ.’

ಚೆಂಬೂರು, ಮುಂಬಯಿ

ಎರಡು ತಿದ್ದುಪಡಿ ಮೇಡಂ. ‘ಲ್ಯಾಕ್ಟೋಸ್ ಬಂದಾಗ’ ಎಂಬಲ್ಲಿ ‘ಲ್ಯಾಕ್ಟೋಸ್ ಇದ್ದು ಗ್ಲೂಕೋಸ್ ಇಲ್ಲದಾಗ’ ಎಂದು ಮಾಡಿ. ಗ್ಲೂಕೋಸ್ ಇದ್ದರೆ ಲ್ಯಾಕ್ಟೋಸನ್ನು ಒಳಗೆ ಬಿಡುವುದೇ ಕಡಿಮೆ. ‘ನಿತ್ಯವೂ’ ಇಲ್ಲಿ ಸರಿ, ಆದರೆ ದಮನಕವೋ ದಮನತಾಣವೋ ಕೆಟ್ಟು ಸದಾ ತೆರೆದುಕೊಂಡ ರೂಪಾಂತರಿಗಳಿಗೆ ಅದೇ ಪದ ಬೇಡ. ಅವು ‘ಲಗಾಮು ತಪ್ಪಿದ’ ತಳಿಗಳು.

ಪಾಷಾಣ್, ಪುಣೆ

ಅಚ್ಚಿಗೆ ಕೊಡುವ ಮುನ್ನ ಒಮ್ಮೆ ‘ಧಮನಕ’ ಎಂದೂ ಹುಡುಕಿ ನೋಡಿ. ದ ಅಲ್ಪಪ್ರಾಣ. ಮಹಾಪ್ರಾಣ ಮಾಡಿದರೆ ಓದುಗ ಧಮನಿ ನೆನೆದು ರಕ್ತನಾಳದ ಅಧ್ಯಾಯಕ್ಕೆ ಹೋಗಿಬಿಡುತ್ತಾನೆ.